ಕಚ್ಚಿಕೊಂಡ ಫೋರ್ಕ್: ಕಡಲತಡಿಯ ಒಂದು ಹಳೇ ಸೈಕಲ್ಲಿನ ಪ್ರಕರಣ

ಕುಂದಾಪುರದ ಕಡೆ, ಸಮುದ್ರಕ್ಕೆ ತೀರಾ ಹತ್ತಿರದ ಒಂದು ಮನೆಯ ಸೈಕಲ್ ಇದು. ಮಾಲೀಕರು ನಿವೃತ್ತ ಶಾಲಾ ಮಾಷ್ಟ್ರು. ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದ ಅವರ ತಮ್ಮ 1990ರ ದಶಕದಲ್ಲಿ ಊರಿಗೆ ಬರುವಾಗ ತಂದುಕೊಟ್ಟ ಸ್ಪೋರ್ಟ್ಸ್ ಸೈಕಲ್. ಫ್ರೇಮು, ಮುಂದಿನ ಚಕ್ರ ಹಿಡಿದಿರುವ ಫೋರ್ಕು ಎರಡೂ ಉಕ್ಕಿನವು. ಹಗುರ, ಬೆಸುಗೆ ಅಚ್ಚುಕಟ್ಟು. ಹ್ಯಾಂಡಲ್ ಮತ್ತು ಅದನ್ನು ಹಿಡಿದಿರುವ ಸ್ಟೆಮ್ ಮಾತ್ರ ಅಲ್ಯೂಮಿನಿಯಂ. ಎಲ್ಲ ತೊಂದರೆ ಹುಟ್ಟಿದ್ದು ಈ ಎರಡು ಲೋಹ ಒಂದರೊಳಗೊಂದು ಕೂತಿದ್ದರಿಂದ.

ಮಾಷ್ಟ್ರು ಹೇಳಿದ್ದು ಇಷ್ಟು. ಹ್ಯಾಂಡಲ್ ತಿರುಗಿಸಿದರೆ ಮರಳು ಅರೆದ ಹಾಗೆ ಕರಕರ ಅನ್ನುತ್ತದೆ, ನೇರಕ್ಕೆ ಬಂದಾಗ ಸ್ವಲ್ಪ ಹಿಡಿಯುತ್ತದೆ. ಬಾಲ್ಸ್ (ಬೇರಿಂಗಿನ ಉಕ್ಕಿನ ಗುಂಡುಗಳು) ಬದಲಾಯಿಸಬೇಕು, ಜೊತೆಗೆ ಫ್ರೇಮಿಗೆ ಪೇಂಟ್ ಹೊಡೆಸಬೇಕು. ಎರಡಕ್ಕೂ ಫೋರ್ಕ್ ಹೊರಗೆ ಬರಲೇಬೇಕು. ಅದು ಬರುತ್ತಿಲ್ಲ. ಬೇರೆ ಎಲ್ಲೋ ಒಮ್ಮೆ ಪ್ರಯತ್ನ ಆಗಿತ್ತು. ಫೋರ್ಕನ್ನು ಮೇಲಿಂದ ಬಿಗಿದು ಹಿಡಿಯುವ ಚೆಕ್‌ನಟ್ಟಿನ ಮೂಲೆಗಳು ಪೈಪ್ ರೇಂಜಿನ ಹಲ್ಲಿಗೆ ಸಿಕ್ಕಿ ಉರುಟಾಗಿದ್ದವು. ಸ್ಟೆಮ್ಮಿನ ಮೈಮೇಲೆ ಸುತ್ತಿಗೆಯ ಗುರುತುಗಳಿದ್ದವು.

ಇಂಥ ಸೈಕಲ್ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಕಚ್ಚಿಕೊಂಡಿರುವುದು ಎಲ್ಲಿ? "ಫೋರ್ಕ್ ಬರ್ತಿಲ್ಲ" ಅಂದರೆ ಅದು ದೂರು ಅಷ್ಟೇ, ಕಾರಣ ಅಲ್ಲ. ಎಲ್ಲಿ ಹಿಡಿದಿದೆ ಅಂತ ಗೊತ್ತಿಲ್ಲದೆ ಹೊಡೆದರೆ, ಹಿಡಿದ ಜಾಗ ಬಿಡುವ ಮೊದಲು ಒಳ್ಳೆಯ ಜಾಗ ಬಗ್ಗುತ್ತದೆ.

ಹಳೇ ಮಾದರಿಯ ಸೈಕಲ್ಲಿನಲ್ಲಿ ಫೋರ್ಕ್ ಕೂತಿರುವ ರೀತಿ ಹೀಗೆ. ಫೋರ್ಕಿನ ಎರಡು ಕಾಲು ಮೇಲೆ ಸೇರಿ ಒಂದು ಪೈಪಾಗಿ ಫ್ರೇಮಿನ ಮುಂದಿನ ಹೆಡ್ ಪೈಪಿನೊಳಗೆ ಹೋಗುತ್ತದೆ. ಹೆಡ್ ಪೈಪಿನ ಕೆಳಗೊಂದು, ಮೇಲೊಂದು ಕಪ್ಪು, ಅಂದರೆ ಬಾಲ್ಸ್ ಕೂರುವ ಬಟ್ಟಲು. ಫೋರ್ಕ್ ಪೈಪಿನ ಮೇಲ್ತುದಿಯಲ್ಲಿ ಥ್ರೆಡ್ಡು. ಅದರ ಮೇಲೆ ಥ್ರೆಡ್ ಇರುವ ಕಪ್ಪು, ಅದರ ಮೇಲೆ ಒಳಗೆ ಸಣ್ಣ ನಾಲಿಗೆ ಇರುವ ವಾಷರ್, ಕೊನೆಗೆ ಚೆಕ್‌ನಟ್. ಈ ಫೋರ್ಕ್ ಪೈಪಿನ ಒಳಗೆ ಸ್ಟೆಮ್ ಇಳಿದಿರುತ್ತದೆ. ಸ್ಟೆಮ್ಮಿನ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಒಂದು ಬೆಣೆ. ಮೇಲಿನ ಉದ್ದ ಬೋಲ್ಟ್ ಬಿಗಿ ಮಾಡಿದಾಗ ಬೆಣೆ ಪಕ್ಕಕ್ಕೆ ಜಾರಿ ಪೈಪಿನ ಒಳಗೋಡೆಗೆ ಒತ್ತಿ ಕೂರುತ್ತದೆ.

ಸ್ಟೆಮ್ ಹೊರಗೆ ಬಾರದೆ ಚೆಕ್‌ನಟ್ಟನ್ನು ಪೂರ್ತಿ ತೆಗೆಯಲಾಗುವುದಿಲ್ಲ, ಮೇಲೆ ಸ್ಟೆಮ್ಮಿನ ಕತ್ತು ಅಡ್ಡ ಇರುತ್ತದೆ. ಚೆಕ್‌ನಟ್ ಬಾರದೆ ಫೋರ್ಕ್ ಇಳಿಯುವುದಿಲ್ಲ. ಹಾಗಾಗಿ ಹಿಡಿದುಕೊಳ್ಳಬಹುದಾದ ಜಾಗ ನಾಲ್ಕು: ಬೆಣೆ, ಸ್ಟೆಮ್ಮಿನ ಮೈ, ಮೇಲಿನ ಥ್ರೆಡ್ಡು, ಕೆಳಗಿನ ಕಪ್ಪು. ಒಂದೊಂದಕ್ಕೂ ಮದ್ದು ಬೇರೆ.

ಬೆಣೆಯಿಂದ ಶುರು ಮಾಡಿದೆ. 6 ಮಿ.ಮೀ. ಅಲೆನ್ ಕೀಯಲ್ಲಿ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿದಾಗ ಅದರ ತಲೆ ಸುಮಾರು 3 ಮಿ.ಮೀ. ಮೇಲೆದ್ದಿತು. ಅದರ ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಲ್ಲಿ ತಟ್ಟಿದೆ. ಬೋಲ್ಟ್ 'ಟಕ್' ಅಂತ ಕೆಳಗೆ ಕೂತಿತು. ಅಂದರೆ ಬೆಣೆ ಬಿಟ್ಟಿದೆ. ಎಷ್ಟೋ ಸೈಕಲ್ಲಿನಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ, ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಸ್ಟೆಮ್ ಕೈಗೆ ಬರುತ್ತದೆ. ಇಲ್ಲಿ ಅಲುಗಲಿಲ್ಲ. ಸ್ಟೆಮ್ಮಿಗೂ ಚೆಕ್‌ನಟ್ಟಿಗೂ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ. ಕೂದಲೆಳೆಯಷ್ಟು ಜರುಗಿದರೂ ಗೆರೆ ಮುರಿದು ಕಾಣುತ್ತದೆ. ಮತ್ತೆ ತಿರುಗಿಸಿದೆ. ಗೆರೆ ಹಾಗೇ ಇತ್ತು.

ಸ್ಟೆಮ್ ಚೆಕ್‌ನಟ್ಟಿನೊಳಗೆ ಇಳಿಯುವ ಸಂದಿಯನ್ನು ಟಾರ್ಚ್ ಹಾಕಿ ನೋಡಿದಾಗ ಸುಣ್ಣದಂಥ ಬಿಳಿ ಪುಡಿ ಸುತ್ತಲೂ ಕಟ್ಟಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಉದುರಿತು. ಅಲ್ಲಿಗೆ ಕಾರಣ ಸ್ಪಷ್ಟವಾಯಿತು.

ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿ ಕೂತು, ನಡುವೆ ಉಪ್ಪುನೀರು ಸೇರಿದರೆ ಅದೇ ಒಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದ ಅಲ್ಯೂಮಿನಿಯಂ ಮಾಯವಾಗುವುದಿಲ್ಲ, ಬಿಳಿ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಸ್ಟೆಮ್ಮಿಗೂ ಪೈಪಿಗೂ ನಡುವೆ ಇರುವುದೇ ಒಂದಿಷ್ಟು ಸಂದಿ. ಅದು ತುಂಬಿದ ಮೇಲೂ ಆಕ್ಸೈಡ್ ಬೆಳೆಯುತ್ತಲೇ ಇರುತ್ತದೆ, ಎರಡನ್ನೂ ಒತ್ತಿ ಹಿಡಿಯುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿಯಲ್ಲೇ ಇದೆ. ಮಳೆನೀರು ಸ್ಟೆಮ್ಮಿನ ಮೇಲಿಂದ ಇಳಿಯುತ್ತದೆ, ಬೆವರೂ ಅದೇ ದಾರಿ ಹಿಡಿಯುತ್ತದೆ. ಕೆಳಗಿನಿಂದ ಬರುವ ನೀರನ್ನು ಮಾತ್ರ ತುಂಬಾ ಜನ ಗಮನಿಸುವುದಿಲ್ಲ. ಫೋರ್ಕ್ ಪೈಪಿನ ತಳ ತೆರೆದೇ ಇರುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಮುಂದಿನ ಚಕ್ರ ಎರಚುವ ನೀರು ನೇರ ಆ ತೂತಿಗೇ ಹೋಗುತ್ತದೆ. ಈ ಸೈಕಲ್ಲಿಗೆ ಮಡ್‌ಗಾರ್ಡ್ ಇರಲಿಲ್ಲ. ಸ್ಟೆಮ್ ಕೂರಿಸುವಾಗ ಗ್ರೀಸ್ ಹಾಕಿದ ಗುರುತೂ ಇರಲಿಲ್ಲ.

ನಮ್ಮ ಹಳೇ ಕಪ್ಪು ಸೈಕಲ್ಲುಗಳಲ್ಲೂ ಹ್ಯಾಂಡಲ್ ಹಿಡಿದುಕೊಳ್ಳುತ್ತದೆ. ಅಲ್ಲಿ ಉಕ್ಕಿನೊಳಗೆ ಉಕ್ಕು. ಹಿಡಿಯುವುದು ಕೆಂಪು ತುಕ್ಕು. ಸೀಮೆಎಣ್ಣೆ ಬಿಟ್ಟು, ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತದೆ. ಆ ಅನುಭವ ಇರುವವರು ಅಲ್ಯೂಮಿನಿಯಂ ಸ್ಟೆಮ್ಮಿಗೂ ಎಣ್ಣೆಯನ್ನೇ ಹಾಕುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, 2008ರಲ್ಲಿ ತೀರಿಕೊಂಡ ಶೆಲ್ಡನ್ ಬ್ರೌನ್ ಅವರು ಇದನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದ್ದರು: ಅಲ್ಯೂಮಿನಿಯಂ ಉಕ್ಕಿನೊಳಗೆ ಕಚ್ಚಿಕೊಂಡಾಗ ಎಣ್ಣೆಯಿಂದ ಉಪಯೋಗವಿಲ್ಲ, ಅಮೋನಿಯಾ ಪ್ರಯತ್ನಿಸಿ. ಅಮೋನಿಯಾ ಪ್ರತಿ ಸಲ ಕೆಲಸ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಫ್ರೇಮಿಗೆ ತೊಂದರೆ ಕೊಡದ ಉಪಾಯ ಅದು, ಅದಕ್ಕೇ ಮೊದಲ ಸರದಿ ಅದರದ್ದು.

ಅಲ್ಲಿಗೆ ಹೋಗುವ ಮೊದಲು ಮಾಷ್ಟ್ರ ಹತ್ತಿರ ಒಂದು ಮಾತು ಇತ್ಯರ್ಥ ಮಾಡಿಕೊಳ್ಳಬೇಕಿತ್ತು.

"ಮಾಷ್ಟ್ರೇ, ಫೋರ್ಕ್ ಮುಖ್ಯವಾ, ಸ್ಟೆಮ್ ಮುಖ್ಯವಾ? ಎರಡೂ ಉಳಿಯುತ್ತದೆ ಅಂತ ಮಾತು ಕೊಡಲಿಕ್ಕೆ ಆಗುವುದಿಲ್ಲ."

"ಫ್ರೇಮು, ಫೋರ್ಕು ಉಳಿಸು ಮಾರಾಯ. ಹ್ಯಾಂಡಲ್ ಬೇರೆ ಹಾಕಿದರಾಯ್ತು."

ಈ ಮಾತು ಕೆಲಸದ ನಡುವೆ ಬರಬಾರದು, ಮೊದಲೇ ಆಗಬೇಕು. 22.2 ಮಿ.ಮೀ. ಸ್ಟೆಮ್ ಈಗಲೂ ಸಿಗುತ್ತದೆ, ದುಬಾರಿಯೂ ಅಲ್ಲ. ಇದೇ ಅಳತೆಯ, ಇದೇ ಉದ್ದದ, ಥ್ರೆಡ್ ಇರುವ ಒಂದು ಇಂಚಿನ ಒಳ್ಳೆಯ ಫೋರ್ಕ್ ಹುಡುಕುವುದು ಕಷ್ಟ. ಯಾವುದನ್ನು ಬಲಿ ಕೊಡಬಹುದು ಅಂತ ಗೊತ್ತಿದ್ದರೆ ಕೈ ಹೆದರುವುದಿಲ್ಲ, ದುಡುಕುವುದೂ ಇಲ್ಲ.

ಮುಂದಿನ ಚಕ್ರ, ಬ್ರೇಕು ಬಿಚ್ಚಿದೆ. ಸ್ಟೆಮ್ ಬೋಲ್ಟನ್ನು ಪೂರ್ತಿ ತೆಗೆದಾಗ ಬೆಣೆ ಫೋರ್ಕ್ ಪೈಪಿನ ತಳದಿಂದ ಕೆಳಗೆ ಬಿತ್ತು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಸ್ಟೆಮ್ಮಿನ ಬೋಲ್ಟ್ ತೂತಿಗೆ ರಬ್ಬರ್ ಬಿರಡೆ ಹಾಕಿ ಮುಚ್ಚಿದೆ. ಈಗ ಫೋರ್ಕ್ ಪೈಪು ಕಿರಿದಾದ ಲೋಟದ ಹಾಗೆ. ತಳದ ತೂತಿನಿಂದ ಅಮೋನಿಯಾ ದ್ರಾವಣ ಸುರಿದು ರಾತ್ರಿಯಿಡೀ ಬಿಟ್ಟೆ. ಅಂಗಡಿಯ ಒಳಗಲ್ಲ, ಹೊರಗೆ, ಗಾಳಿಯಾಡುವ ಚಾವಡಿಯಲ್ಲಿ. ಅಮೋನಿಯಾದ ಹಬೆ ಕಣ್ಣು, ಗಂಟಲು ಎರಡನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಬೇಕು. ಬ್ಲೀಚಿಂಗ್ ದ್ರವ ಇದ್ದ ಡಬ್ಬಿಗೆ ಇದನ್ನು ಯಾವತ್ತೂ ಹಾಕಬಾರದು, ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ.

ಬೆಳಿಗ್ಗೆ ದ್ರಾವಣ ಚೆಲ್ಲಿ, ನೀರಿನಲ್ಲಿ ತೊಳೆದು, ಐಸು ಹಿಡಿದೆ. ಸ್ಟೆಮ್ಮಿನ ಕತ್ತಿಗೆ ಬಟ್ಟೆಯಲ್ಲಿ ಕಟ್ಟಿದ ಐಸು, ಒಳತೂತಿನಲ್ಲಿ ಐಸಿನ ಪುಡಿ. ಬಿಸಿ ಯಾಕೆ ಮಾಡಲಿಲ್ಲ ಅಂತ ಕೆಲವರು ಕೇಳುತ್ತಾರೆ. ಒಂದೇ ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿರುವುದು ಅಲ್ಯೂಮಿನಿಯಂ. ಎರಡೂ ಬಿಸಿಯಾದರೆ ಇನ್ನೂ ಬಿಗಿಯಾಗುತ್ತದೆ. ಹೊರಗಿನ ಉಕ್ಕನ್ನಷ್ಟೇ ಕಾಯಿಸೋಣ ಅಂದರೆ ಫೋರ್ಕ್ ಪೈಪು ಹೆಡ್ ಪೈಪಿನ ಒಳಗಿದೆ, ಬ್ಲೋ ಟಾರ್ಚ್ ಹಿಡಿದರೆ ಸುಡುವುದು ಫ್ರೇಮಿನ ಪೇಂಟು. ತಂಪು ಮಾಡಿದರೆ ಲೆಕ್ಕ ನಮ್ಮ ಕಡೆ. ಆದರೆ ಎಷ್ಟು ಲಾಭ ಅಂತಲೂ ತಿಳಿದಿರಬೇಕು. 22.2 ಮಿ.ಮೀ. ಅಲ್ಯೂಮಿನಿಯಂ 30 ಡಿಗ್ರಿ ತಣ್ಣಗಾದರೆ ಸುಮಾರು 0.015 ಮಿ.ಮೀ. ಕುಗ್ಗುತ್ತದೆ, ಉಕ್ಕು ಅದರ ಅರ್ಧ. ಸಿಗುವ ಸಂದಿ 0.01 ಮಿ.ಮೀ.ಗಿಂತ ಕಡಿಮೆ. ಆಕ್ಸೈಡಿನ ಪದರ ಅದಾಗಲೇ ಸಡಿಲಗೊಂಡಿದ್ದರೆ ಇಷ್ಟೇ ಸಾಕು, ಇಲ್ಲದಿದ್ದರೆ ಇದರಿಂದ ಏನೂ ಆಗದು.

ಫೋರ್ಕಿನ ಕಾಲುಗಳು ಸೇರುವ ಭುಜವನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸಿನಲ್ಲಿ ಹಿಡಿಸಿದೆ. ಹಿಡಿಯುವ ಜಾಗ ಅಲ್ಲೇ ಆಗಬೇಕು. ಕಾಲುಗಳ ತುದಿಯಲ್ಲಿ ಹಿಡಿದು ತಿರುಗಿಸಿದರೆ ಸ್ಟೆಮ್ ಬಿಡುವುದಕ್ಕಿಂತ ಮೊದಲು ಕಾಲು ತಿರುಚಿಕೊಳ್ಳುತ್ತದೆ. ನಾನು ಹ್ಯಾಂಡಲ್ ಹಿಡಿದು ತಿರುಗಿಸಿದೆ, ಅಂಗಡಿಯ ಹುಡುಗ ಮಾರ್ಕರ್ ಗೆರೆ ನೋಡುತ್ತಿದ್ದ. ಹ್ಯಾಂಡಲ್ ಸ್ವಲ್ಪ ಬಂದ ಹಾಗೆ ಅನ್ನಿಸಿತು. "ಅಣ್ಣಾ, ಗೆರೆ ಹೋಗಲಿಲ್ಲ" ಅಂದ. ಬಂದಿದ್ದು ಸ್ಟೆಮ್ ಅಲ್ಲ, ಫೋರ್ಕಿನ ಭುಜವೇ ಸ್ಪ್ರಿಂಗಿನ ಹಾಗೆ ಒಂದಿಷ್ಟು ಬಾಗಿ ವಾಪಸ್ ಆಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಉಳಿಸಬೇಕಾದ ಭಾಗ ಬಾಗಲು ಶುರುವಾದ ಮೇಲೆ ಇನ್ನೊಂದು ಕೈ ಬಲ ಹಾಕುವುದರಲ್ಲಿ ಅರ್ಥವಿಲ್ಲ. ಉದ್ದದ ಪೈಪ್ ಸಿಕ್ಕಿಸಿ ತಿರುಗಿಸಿದ್ದರೆ ಏನೋ ಒಂದು ಬರುತ್ತಿತ್ತು. ಏನು ಬರುತ್ತಿತ್ತು ಅನ್ನುವುದೇ ಪ್ರಶ್ನೆ.

ಈಗ ಹ್ಯಾಕ್ಸಾ. ಇದನ್ನು ಸೋಲು ಅಂತ ನೋಡುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಸ್ಟೆಮ್ ಕತ್ತರಿಸಿದರೆ ಚೆಕ್‌ನಟ್ಟಿನ ಮೇಲಿನ ಅಡ್ಡಿ ಹೋಗುತ್ತದೆ. ಸ್ಟೆಮ್ಮಿನ ದಪ್ಪ 22.2 ಮಿ.ಮೀ., ಫೋರ್ಕ್ ಪೈಪಿನದ್ದು 25.4. ನಟ್ಟು, ಕಪ್ಪು ಎರಡೂ ಉಳಿದ ಮೋಟಿನ ಮೇಲಿಂದ ಆರಾಮಾಗಿ ದಾಟುತ್ತವೆ. ಫೋರ್ಕ್ ಹೊರಗೆ ಬಂದ ಮೇಲೆ ಒಳಗಿನ ತುಂಡನ್ನು ಬೆಂಚಿನ ಮೇಲೆ ನಿಧಾನಕ್ಕೆ ನೋಡಬಹುದು, ಆಗ ಫ್ರೇಮಿಗೆ ಏನೂ ಅಪಾಯವಿಲ್ಲ. ಗ್ರಿಪ್ಪು, ಬ್ರೇಕ್ ಲಿವರ್ ಕಳಚಿ ಹ್ಯಾಂಡಲ್ ಬಾರನ್ನು ಎಳೆದು ತೆಗೆದೆ. ಚೆಕ್‌ನಟ್ಟಿನಿಂದ ಮೂರು ಬೆರಳು ಮೇಲೆ ಕತ್ತರಿಸಿದೆ. ಅಷ್ಟು ಉದ್ದ ಬಿಟ್ಟಿದ್ದು, ಮುಂದೆ ಬೇಕಾದರೆ ವೈಸಿನಲ್ಲಿ ಹಿಡಿಯಲಿಕ್ಕೆ.

ಚೆಕ್‌ನಟ್ಟಿಗೆ 32 ಮಿ.ಮೀ. ಚಪ್ಪಟೆ ಸ್ಪ್ಯಾನರ್ ಬೇಕು, ಆದರೆ ಉರುಟಾದ ಮೂಲೆಯ ಮೇಲೆ ಅದು ಜಾರುತ್ತಿತ್ತು. ಎದುರುಬದುರಿನ ಎರಡು ಮುಖಗಳನ್ನು ಅರದಲ್ಲಿ ಉಜ್ಜಿ ಸಮ ಮಾಡಿ, ಸ್ಕ್ರೂ ಸ್ಪ್ಯಾನರ್ ಬಿಗಿಯಾಗಿ ಕೂರುವ ಹಾಗೆ ಮಾಡಿದೆ. ಇಲ್ಲಿ ಉಕ್ಕಿನ ಮೇಲೆ ಉಕ್ಕು, ಎಣ್ಣೆ ಕೆಲಸ ಮಾಡುತ್ತದೆ. ನಟ್ಟು ಬಂತು. ಅದರಡಿಯ ವಾಷರ್ ತೆಗೆದಾಗ ಎರಡನೇ ಗಂಟು ಕಂಡಿತು.

ಆ ವಾಷರಿನ ನಾಲಿಗೆ ಫೋರ್ಕ್ ಪೈಪಿನ ಉದ್ದಕ್ಕೆ ಕೊರೆದ ಕಾಲುವೆಯಲ್ಲಿ ಕೂತಿರಬೇಕು. ನಟ್ಟು ಬಿಗಿ ಮಾಡುವಾಗ ಅದರಡಿಯ ಥ್ರೆಡ್ ಇರುವ ಕಪ್ಪು ತಿರುಗದಿರಲಿ ಅಂತ ಆ ವ್ಯವಸ್ಥೆ. ಯಾರೋ ಬಲವಾಗಿ ಬಿಗಿ ಮಾಡಿದಾಗ ನಾಲಿಗೆ ಕಾಲುವೆ ಬಿಟ್ಟು ಹೊರಬಂದು, ಥ್ರೆಡ್ಡಿನ ಮೇಲೆ ಕಾಲು ಸುತ್ತು ಉಜ್ಜಿಕೊಂಡು ಹೋಗಿತ್ತು. ಎರಡು ಮೂರು ಎಳೆಗಳು ಚಪ್ಪಟೆಯಾಗಿದ್ದವು. ಥ್ರೆಡ್ ಇರುವ ಕಪ್ಪು ಕೈಯಲ್ಲೇ ಸಲೀಸಾಗಿ ತಿರುಗಿ ಮೇಲೆ ಬಂದು, ಸರಿಯಾಗಿ ಆ ಜಾಗದಲ್ಲಿ ನಿಂತಿತು.

ಇಲ್ಲಿ ತಾಳ್ಮೆ ಬೇಕಾಗುತ್ತದೆ. ಕಪ್ಪಿನದ್ದು ಗಡಸು ಉಕ್ಕು, ಫೋರ್ಕ್ ಪೈಪು ಅದಕ್ಕಿಂತ ಮೆದು. ಬಲವಂತವಾಗಿ ತಿರುಗಿಸಿದರೆ ಕಪ್ಪಿಗೆ ಏನೂ ಆಗುವುದಿಲ್ಲ, ಪೈಪಿನ ಥ್ರೆಡ್ಡು ಮೇಲಿನ ತುದಿವರೆಗೂ ಹರಿದುಹೋಗುತ್ತದೆ. ಈ ಥ್ರೆಡ್ಡು ಇಂಚಿಗೆ 24 ಎಳೆ, ಅಂದರೆ ಎಳೆಯಿಂದ ಎಳೆಗೆ 1 ಮಿ.ಮೀ.ಗಿಂತ ತುಸು ಜಾಸ್ತಿ. ಕಪ್ಪನ್ನು ಕೆಳಕ್ಕೆ ತಿರುಗಿಸಿ ದಾರಿ ಬಿಟ್ಟು, ಸಣ್ಣ ಮೂರುಮೂಲೆ ಅರದ ಅಂಚನ್ನು ಪ್ರತಿ ಕಣಿವೆಯಲ್ಲೂ ಇಟ್ಟು, ಥ್ರೆಡ್ಡಿನ ಓರೆಗೆ ಸರಿಯಾಗಿ ಎಳೆದೆ. ಮಡಚಿದ ಲೋಹವನ್ನು ತೆಗೆಯುವುದಷ್ಟೇ ಉದ್ದೇಶ, ಹೊಸದಾಗಿ ಆಳ ಮಾಡುವುದಲ್ಲ. ಆಮೇಲೆ ಎಣ್ಣೆ ಬಿಟ್ಟು ಕಪ್ಪನ್ನು ಅರ್ಧ ಸುತ್ತು ಮೇಲೆ, ಕಾಲು ಸುತ್ತು ಕೆಳಗೆ. ಪ್ರತಿ ಸಲ ಕಪ್ಪು ತಾನೇ ಸ್ವಲ್ಪ ಸ್ವಲ್ಪ ದಾರಿ ಬಿಡಿಸಿಕೊಳ್ಳುತ್ತ ಬಂತು. ಕೊನೆಗೆ ಕೈಗೆ ಬಂತು.

ಕೆಳಗಿನ ಕಪ್ಪಿನ ಮಾತು ಚಿಕ್ಕದು. ಚೆಕ್‌ನಟ್ಟನ್ನೇ ಮತ್ತೆ ಪೈಪಿನ ತುದಿಗೆ ಸಮವಾಗಿ ಹಾಕಿ, ಸ್ಟೆಮ್ಮಿನ ಮೋಟು ಒಳಗೆ ಹೋಗುವ ಹಾಗೆ ತೂತು ಕೊರೆದ ಮರದ ತುಂಡನ್ನು ಅದರ ಮೇಲಿಟ್ಟು ತಟ್ಟಿದೆ. ಹಾಗೆ ಮಾಡಿದರೆ ಪೆಟ್ಟು ಥ್ರೆಡ್ಡಿನ ತುದಿಗೆ ಬೀಳುವುದಿಲ್ಲ. ತುಕ್ಕು ಬಿಟ್ಟು ಫೋರ್ಕ್ ಒಂದಿಷ್ಟು ಇಳಿಯಿತು. ನಟ್ಟು ತೆಗೆದು ಕೆಳಗೆಳೆದೆ, ಪೂರ್ತಿ ಬಂತು. ಕೆಳಗಿನ ಬಾಲ್ಸ್ ಅರ್ಧಕ್ಕರ್ಧ ಕಂದು ಉಂಡೆಯಾಗಿ ಕಪ್ಪಿಗೆ ಅಂಟಿಕೊಂಡಿದ್ದವು. ಮಾಷ್ಟ್ರಿಗೆ ಕೇಳುತ್ತಿದ್ದ ಕರಕರ ಇದೇ.

ಫೋರ್ಕ್ ಬೆಂಚಿನ ಮೇಲೆ ಬಂದ ಮೇಲೆ ಸ್ಟೆಮ್ಮಿನ ಮೋಟನ್ನು ನೇರ ವೈಸಿನಲ್ಲಿ ಹಿಡಿದು ಫೋರ್ಕನ್ನೇ ತಿರುಗಿಸಿ ನೋಡಿದೆ. ಮೋಟು ವೈಸಿನೊಳಗೆ ಜಜ್ಜಿತೇ ಹೊರತು ಅಲುಗಲಿಲ್ಲ. ಉಳಿದ ದಾರಿ ಎರಡು. ಒಂದು ಕಾಸ್ಟಿಕ್ ಸೋಡಾ. ಅದು ಅಲ್ಯೂಮಿನಿಯಂ ಕರಗಿಸುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಕೇಳಲಿಕ್ಕೆ ಸುಲಭ. ಆದರೆ ಕರಗುವಾಗ ಕುದಿಯುವಷ್ಟು ಬಿಸಿಯಾಗುತ್ತದೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಬರುತ್ತದೆ, ಕಿರಿದಾದ ಪೈಪಿನಿಂದ ನೊರೆ ಮೇಲಕ್ಕೆ ಚಿಮ್ಮುತ್ತದೆ. ಕಣ್ಣಿಗೆ ಒಂದು ಹನಿ ಬಿದ್ದರೂ ಕಣ್ಣು ಹೋಗಬಹುದು. ಕೈಗೆ ಎಟುಕದಷ್ಟು ಆಳದಲ್ಲಿ ತುಂಡು ಸಿಕ್ಕಿಕೊಂಡಾಗ ಮಾತ್ರ ಅದನ್ನು ಯೋಚಿಸಬೇಕು. ಇಲ್ಲಿ ಬೇಕಿರಲಿಲ್ಲ.

ಎರಡನೆಯದು ಸೀಳುವುದು. ಮೋಟನ್ನು ಪೈಪಿನ ತುದಿಗೆ ಸಮವಾಗಿ ಕತ್ತರಿಸಿದೆ. ಬೋಲ್ಟ್ ಹೋಗುತ್ತಿದ್ದ ತೂತನ್ನು ಡ್ರಿಲ್ಲಿನಲ್ಲಿ ಹಂತಹಂತವಾಗಿ ದೊಡ್ಡದು ಮಾಡಿ, ಹ್ಯಾಕ್ಸಾ ಬ್ಲೇಡ್ ಒಳಗೆ ಹೋಗುವ ಹಾಗೆ ಮಾಡಿಕೊಂಡೆ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿಕೆ ಮಾಡಿ, ಒಳಗಿನಿಂದ ಹೊರಕ್ಕೆ ಉದ್ದುದ್ದ ಗೀರು ಹಾಕುತ್ತ ಹೋದೆ. ಇಲ್ಲಿ ಫೋರ್ಕ್ ಪೈಪಿನ ಗೋಡೆಯ ದಪ್ಪ ನೆನಪಿನಲ್ಲಿರಬೇಕು. ಹೊರಗೆ 25.4, ಒಳಗೆ 22.2. ಒಂದು ಬದಿಗೆ 1.6 ಮಿ.ಮೀ. ಉಕ್ಕು. ಥ್ರೆಡ್ ಇರುವ ಕಡೆ ಎಳೆಯ ಆಳ ಕಳೆದರೆ ಉಳಿಯುವುದು ಸುಮಾರು 1 ಮಿ.ಮೀ. ಅಷ್ಟೇ. ಬ್ಲೇಡ್ ಆ ಗೋಡೆಯೊಳಗೆ ಇಳಿದರೆ ಮುಂದೊಂದು ದಿನ ಓಡುವ ಸೈಕಲ್ಲಿನಲ್ಲಿ ಪೈಪು ಅಲ್ಲೇ ತುಂಡಾಗುತ್ತದೆ.

ಹಾಗಾಗಿ ಕಣ್ಣಿಗಿಂತ ಕೈಯನ್ನೂ ಕಿವಿಯನ್ನೂ ನಂಬಬೇಕು. ಅಲ್ಯೂಮಿನಿಯಂನಲ್ಲಿ ಬ್ಲೇಡ್ ಕಚ್ಚಿಕೊಂಡು ಮೆತ್ತಗೆ ಹೋಗುತ್ತದೆ, ಬೆಳ್ಳಗೆ ಹೊಳೆಯುವ ಪುಡಿ ಬೀಳುತ್ತದೆ. ಉಕ್ಕು ತಾಗುತ್ತಿದ್ದ ಹಾಗೆ ಬ್ಲೇಡ್ ಜಾರತೊಡಗುತ್ತದೆ, ಸದ್ದು ತೆಳ್ಳಗೆ ಕೀರಲಾಗುತ್ತದೆ, ಪುಡಿ ಕಪ್ಪಾಗುತ್ತದೆ. ಐದಾರು ಗೀರಿಗೊಮ್ಮೆ ಪುಡಿಯನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡುತ್ತಿದ್ದೆ. ಕಪ್ಪು ಕಣ ಕಂಡ ಕೂಡಲೇ ಆ ಜಾಗ ಬಿಟ್ಟು ಮುಂದಿನ ಜಾಗ. ಒಂದು ಸೀಳು ಮುಗಿದ ಮೇಲೆ ಸ್ವಲ್ಪ ದೂರದಲ್ಲಿ ಇನ್ನೊಂದು. ಎರಡರ ನಡುವಿನ ಪಟ್ಟಿಯ ಅಂಚಿಗೆ ಸಣ್ಣ ಉಳಿ ಇಟ್ಟು ಒಳಮುಖವಾಗಿ ತಟ್ಟಿದಾಗ ಪಟ್ಟಿ ಬಿಟ್ಟು ಬಂತು. ಅದರ ಬೆನ್ನಿಗೆ ಬಿಳಿ ಆಕ್ಸೈಡು ಗಾರೆಯಷ್ಟು ಗಟ್ಟಿಯಾಗಿ ಅಂಟಿತ್ತು. ಪಟ್ಟಿ ಹೋದ ಮೇಲೆ ಉಳಿದ ಭಾಗಕ್ಕೆ ಒಳಕ್ಕೆ ಕುಗ್ಗಲು ಜಾಗ ಸಿಕ್ಕಿತು. ಇಕ್ಕಳದಲ್ಲಿ ಹಿಡಿದು ತಿರುಚಿ ಎಳೆದಾಗ ಉಳಿದದ್ದೆಲ್ಲ ಒಟ್ಟಿಗೆ ಬಂತು.

ಇದೆಲ್ಲ ಥ್ರೆಡ್ ಇರುವ ಫೋರ್ಕಿನ ಕಥೆ. ಈಗಿನ ಗೇರ್ ಸೈಕಲ್ಲುಗಳಲ್ಲಿ ಥ್ರೆಡ್ ಇಲ್ಲದ 28.6 ಮಿ.ಮೀ. ಪೈಪು ಜಾಸ್ತಿ. ಅವುಗಳಲ್ಲಿ ಸ್ಟೆಮ್ ಹೊರಗಿನಿಂದ ಅಪ್ಪಿಕೊಂಡಿರುತ್ತದೆ, ಈ ಪಾಡು ಇಲ್ಲ. ಅಲ್ಲಿ ಹಿಡಿಯುವುದು ಮೇಲಿನ ಬೇರಿಂಗಿನ ಒಳಗೆ ಕೂತ ಸೀಳು ಉಂಗುರ. ಪೈಪಿನ ತಲೆಗೆ ಮರದ ಸುತ್ತಿಗೆಯಿಂದ ತಟ್ಟಿದರೆ, ಇಲ್ಲವೇ ಉಂಗುರದ ಸೀಳಿಗೆ ತೆಳು ಬ್ಲೇಡ್ ತೂರಿಸಿ ಅಗಲ ಮಾಡಿದರೆ ಬಿಡುತ್ತದೆ.

ಮಾಷ್ಟ್ರ ಫೋರ್ಕಿನ ಒಳಗನ್ನು ಕೋಲಿಗೆ ಸುತ್ತಿದ ಎಮೆರಿ ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಟಾರ್ಚ್ ಬಿಟ್ಟು ನೋಡಿದೆ. ಬ್ಲೇಡಿನ ಗುರುತು ಎರಡು ಕಡೆ ತೆಳು ಗೆರೆಯಾಗಿ ಕಾಣುತ್ತಿತ್ತು, ಉಗುರು ಸಿಕ್ಕಿಕೊಳ್ಳುವಷ್ಟಿಲ್ಲ. ಬಿರುಕು ಇಲ್ಲ. ಕಾಲುಗಳು ನೇರವಾಗಿದ್ದವು. ಪೇಂಟ್ ಆದ ಮೇಲೆ ಹೊಸ ಸ್ಟೆಮ್ಮಿನ ಮೈಗೂ ಬೆಣೆಗೂ ಬೋಲ್ಟಿನ ಥ್ರೆಡ್ಡಿಗೂ ದಪ್ಪಗೆ ಗ್ರೀಸ್ ಹಚ್ಚಿ ಇಳಿಸಿದೆ. ಗ್ರೀಸ್ ಹಾಕಿದರೆ ಹ್ಯಾಂಡಲ್ ಜಾರುತ್ತದೆ ಅನ್ನುವ ಹೆದರಿಕೆ ಬೇಡ. ಬೆಣೆ ಸರಿಯಾಗಿ ಬಿಗಿಯಾದರೆ ಜಾರುವುದಿಲ್ಲ. ಸ್ಟೆಮ್ಮಿನ ಮೇಲಿನ ಕನಿಷ್ಠ ಆಳದ ಗೆರೆ ಒಳಗೆ ಹೋಗಿದೆ ಅಂತ ಮಾಷ್ಟ್ರಿಗೂ ತೋರಿಸಿದೆ. ಫೋರ್ಕಿನ ತಳದ ತೂತಿಗೆ ರಬ್ಬರ್ ಬಿರಡೆ, ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಸ್ಟೆಮ್ ಎಳೆದು ಒರೆಸಿ ಗ್ರೀಸ್ ಹಚ್ಚಿ ವಾಪಸ್ ಹಾಕಬೇಕು. ಅದಕ್ಕೆ ಬೇಕಾದದ್ದು ಒಂದು ಅಲೆನ್ ಕೀ, ಒಂದು ಸುತ್ತಿಗೆ, ಒಂದು ಮರದ ತುಂಡು. ಮನೆಯಲ್ಲೇ ಆಗುವ ಕೆಲಸ.

ಬಾಲ್ಸ್ 5/32 ಇಂಚಿನವು, ಎಲ್ಲ ಹೊಸದು ಹಾಕಿದೆ. ಕಪ್ಪುಗಳನ್ನು ಬದಲಾಯಿಸಲಿಲ್ಲ. ವರ್ನಿಯರ್ ಹಿಡಿದಾಗ ಫೋರ್ಕಿನ ಭುಜದ ಮೇಲೆ ಕೆಳಗಿನ ರೇಸ್ (ಬಾಲ್ಸ್ ಉರುಳುವ ಉಂಗುರ) ಕೂರುವ ಜಾಗ 27.0 ಮಿ.ಮೀ. ಬಂತು, ಅದು ಜಪಾನಿನ ಅಳತೆ. ಇನ್ನೊಂದು ಸಾಮಾನ್ಯ ಅಳತೆ 26.4. ನೋಡಲಿಕ್ಕೆ ಎರಡೂ ಒಂದೇ ಥರ ಇರುತ್ತವೆ, ಆದರೆ 26.4ರ ರೇಸನ್ನು 27ರ ಮೇಲೆ ಹೊಡೆದು ಕೂರಿಸಲು ಹೋದರೆ ರೇಸೇ ಸೀಳುತ್ತದೆ. ಹಳೇ ರೇಸಿನಲ್ಲಿ ಬಾಲ್ಸ್ ಕೂತ ಜಾಗದಲ್ಲಿ ಸಣ್ಣ ಗುಳಿಗಳಿವೆ, ಹ್ಯಾಂಡಲ್ ನೇರಕ್ಕೆ ಬಂದಾಗ ಬೆರಳಿಗೆ ತುಸು ಗೊತ್ತಾಗುತ್ತದೆ. ಓಡಿಸಲು ತೊಂದರೆಯಿಲ್ಲ. ಸರಿಯಾದ ಅಳತೆಯ ಸೆಟ್ ಸಿಕ್ಕಿದಾಗ ಹಾಕಿಕೊಡುವುದು ಅಂತ ಮಾತಾಗಿದೆ.